ಆ ರಕ್ತ ಬಿದ್ದ ಜಾಗ ಯಾವುದು?

(ಪಟ್ಟಣವೊಂದರ ಮಾಸಿಕ ವಿಚಾರಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಇಂದಿನ ಉಪನ್ಯಾಸದ ವಿಷಯ ಪ್ರಕಟವಾದಾಗ ಹಲವರು ಈ ಜೇಮ್ಸ್ ಪೋಲ್ಕ್ ಯಾರೆಂದು ವಿಚಾರಿಸಿದರು. ಅದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ. 1844ರಲ್ಲಿ ಅವರು ಅಮೆರಿಕದ ಅಧ್ಯಕ್ಷ ಹುದ್ದೆಗೆ ಅಭ್ಯರ್ಥಿಯಾದಾಗ ಸ್ವತಃ ಅಮೆರಿಕನ್ನರೇ ಇದೇ ಪ್ರಶ್ನೆಯನ್ನು ಕೇಳಿದ್ದರು. ಎದುರು ಪಕ್ಷದವರಂತೂ ಅದನ್ನೇ ಗೇಲಿಯ ಘೋಷಣೆಯನ್ನಾಗಿ ಮಾಡಿಕೊಂಡಿದ್ದರು. ಆದರೆ ನಾಲ್ಕೇ ವರ್ಷಗಳಲ್ಲಿ ಆ ಅಪರಿಚಿತ ವ್ಯಕ್ತಿ ತನ್ನ ದೇಶದ ಭೂಪಟಕ್ಕೆ ಹತ್ತು ಲಕ್ಷ ಚದರ ಮೈಲಿಗಿಂತಲೂ ಹೆಚ್ಚು ನೆಲವನ್ನು ಸೇರಿಸಿ, ಎರಡನೆಯ ಅವಧಿಯನ್ನು ಬಯಸದೆ ಮನೆಗೆ ಹೋದರು.

2025ರಲ್ಲಿ ಡೊನಾಲ್ಡ್ ಟ್ರಂಪ್ ಎರಡನೆಯ ಬಾರಿಗೆ ಅಧಿಕಾರ ವಹಿಸಿಕೊಂಡ ಬಳಿಕ ಶ್ವೇತಭವನದ ತಮ್ಮ ಕಚೇರಿಯಲ್ಲಿ ಈ ಪೋಲ್ಕ್‌ರ ಭಾವಚಿತ್ರವನ್ನು ತೂಗುಹಾಕಿಸಿದರು. ಗ್ರೀನ್‌ಲ್ಯಾಂಡ್ ಅಮೆರಿಕಕ್ಕೆ ಬೇಕು, ಕೆನಡಾ 51ನೆಯ ರಾಜ್ಯವಾಗಲಿ, ಪನಾಮಾ ಕಾಲುವೆ ಮರಳಿ ನಮ್ಮ ಕೈ ಸೇರಲಿ ಎಂಬ ಮಾತುಗಳು ಕೇಳಿಬಂದುದೂ ಅದೇ ವರ್ಷ. ಗೋಡೆಯ ಮೇಲೆ ಯಾರ ಚಿತ್ರವಿದೆ ಎಂಬುದು ಕೆಲವೊಮ್ಮೆ ಭಾಷಣಗಳಿಗಿಂತ ಹೆಚ್ಚಿನದನ್ನು ಹೇಳುತ್ತದೆ. ಆದ್ದರಿಂದ ಈ ವ್ಯಕ್ತಿಯ ರಾಜಕೀಯ ಜೀವನವನ್ನು ಸ್ವಲ್ಪ ವಿವರವಾಗಿ ನೋಡೋಣವೆಂದು ನಾವು ಭಾವಿಸಿದೆವು. ವಿಶೇಷವಾಗಿ, ಒಂದು ಪ್ರಜಾಪ್ರಭುತ್ವವು ತನ್ನ ಜನಪ್ರತಿನಿಧಿಗಳ ಬಹುಮತದ ಒಪ್ಪಿಗೆಯನ್ನು ಪಡೆದೇ ನೆರೆಯವನ ನೆಲವನ್ನು ಕಬಳಿಸಿದ್ದು ಹೇಗೆ ಎಂಬುದು ನಮಗೆ ಮುಖ್ಯವಾದ ಪ್ರಶ್ನೆ.

ಜೇಮ್ಸ್ ನಾಕ್ಸ್ ಪೋಲ್ಕ್ ಜನಿಸಿದ್ದು 1795ರಲ್ಲಿ, ಉತ್ತರ ಕೆರೊಲಿನಾದಲ್ಲಿ. ಬಾಲ್ಯದಲ್ಲೇ ಕುಟುಂಬ ಟೆನೆಸ್ಸಿಗೆ ವಲಸೆ ಹೋಯಿತು. ಹುಡುಗ ರೋಗಿಷ್ಠ. ಹದಿನೇಳನೆಯ ವಯಸ್ಸಿನಲ್ಲಿ ಮೂತ್ರಕೋಶದ ಕಲ್ಲನ್ನು ತೆಗೆಯಲು ಶಸ್ತ್ರಚಿಕಿತ್ಸೆ ನಡೆಯಿತು. ಅರಿವಳಿಕೆ ಇನ್ನೂ ಬಳಕೆಗೆ ಬಾರದ ಕಾಲವದು. ಆ ನೋವನ್ನು ಅವರು ಎಚ್ಚರದಲ್ಲೇ ಸಹಿಸಿದರು. ನಂತರ ಪದವಿ, ವಕೀಲಿ, ರಾಜ್ಯದ ಶಾಸನಸಭೆ. 1825ರಿಂದ 1839ರ ವರೆಗೆ ಅಮೆರಿಕದ ಕಾಂಗ್ರೆಸ್‌ನ ಕೆಳಮನೆಯಾದ ಪ್ರತಿನಿಧಿ ಸಭೆಯ ಸದಸ್ಯತ್ವ, ಅದರಲ್ಲಿ ಕೊನೆಯ ನಾಲ್ಕು ವರ್ಷ ಸ್ಪೀಕರ್ ಸ್ಥಾನ. ಆ ಸಭೆಯ ಸ್ಪೀಕರ್ ಆಗಿದ್ದು ಬಳಿಕ ಅಧ್ಯಕ್ಷರಾದವರು ಅಮೆರಿಕದಲ್ಲಿ ಇವರೊಬ್ಬರೇ. ಆಂಡ್ರ್ಯೂ ಜಾಕ್ಸನ್ ಅವರ ರಾಜಕೀಯ ಗುರು. 1839ರಲ್ಲಿ ಟೆನೆಸ್ಸಿಯ ಗವರ್ನರ್ ಆದರು. 1841ರಲ್ಲಿ ಸೋತರು, 1843ರಲ್ಲಿ ಮತ್ತೆ ಸೋತರು. ಪೋಲ್ಕ್‌ರ ರಾಜಕೀಯ ಮುಗಿಯಿತೆಂದು ಎಲ್ಲರೂ ತೀರ್ಮಾನಿಸಿದ್ದರು.

ಅವರನ್ನು ಮೇಲೆತ್ತಿದ್ದು ಟೆಕ್ಸಾಸ್. ಮೆಕ್ಸಿಕೋ 1821ರಲ್ಲಿ ಸ್ಪೇನಿನಿಂದ ಸ್ವತಂತ್ರವಾದಾಗ ಟೆಕ್ಸಾಸ್ ಆ ದೇಶದ ಭಾಗವಾಗಿತ್ತು. ಜನವಸತಿ ವಿರಳವಾಗಿದ್ದ ಆ ಪ್ರದೇಶಕ್ಕೆ ಅಮೆರಿಕನ್ ವಲಸಿಗರನ್ನು ಮೆಕ್ಸಿಕೋವೇ ಬರಮಾಡಿಕೊಂಡಿತು. ಬಂದವರು ತಮ್ಮೊಂದಿಗೆ ಹತ್ತಿಯ ಕೃಷಿಯನ್ನೂ ಅದಕ್ಕೆ ಬೇಕಾದ ಗುಲಾಮರನ್ನೂ ತಂದರು. 1829ರಲ್ಲಿ ಮೆಕ್ಸಿಕೋ ಗುಲಾಮಗಿರಿಯನ್ನು ರದ್ದುಗೊಳಿಸಿತು. ವಲಸಿಗರ ಅಸಮಾಧಾನಕ್ಕೆ ಬೇರೆ ಕಾರಣಗಳೂ ಇದ್ದವು, ಆದರೆ ಇದು ಸಣ್ಣ ಕಾರಣವಾಗಿರಲಿಲ್ಲ. 1836ರಲ್ಲಿ ಅವರು ದಂಗೆಯೆದ್ದು ಪ್ರತ್ಯೇಕ ಗಣರಾಜ್ಯವನ್ನು ಘೋಷಿಸಿದರು. ಸೆರೆಸಿಕ್ಕ ಮೆಕ್ಸಿಕೋದ ಸೇನಾನಿ ಸಾಂತಾ ಅನಾನಿಂದ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಮೆಕ್ಸಿಕೋದ ಸಂಸತ್ತು ಅದನ್ನು ಎಂದೂ ಅಂಗೀಕರಿಸಲಿಲ್ಲ. ಸೆರೆಯಾಳಿನ ಸಹಿಗೆ ಎಷ್ಟು ಬೆಲೆ ಎಂಬುದು ನಮ್ಮ ಹಳ್ಳಿಯ ಪಂಚಾಯಿತಿಯವರಿಗೂ ತಿಳಿದ ವಿಚಾರ. ಹತ್ತು ವರ್ಷಗಳ ನಂತರ ಅಮೆರಿಕವು ಆಧಾರವೆಂದು ಎತ್ತಿ ತೋರಿಸಿದ ದಾಖಲೆಗಳಲ್ಲಿ ಆ ಕಾಗದವೂ ಒಂದಾಗಿತ್ತು ಎಂಬುದನ್ನು ನೆನಪಿನಲ್ಲಿಡಬೇಕು.

ಟೆಕ್ಸಾಸನ್ನು ಅಮೆರಿಕಕ್ಕೆ ಸೇರಿಸಿಕೊಳ್ಳಬೇಕೇ ಬೇಡವೇ ಎಂಬುದು 1844ರ ಚುನಾವಣೆಯ ಪ್ರಶ್ನೆಯಾಯಿತು. ಡೆಮಾಕ್ರಟಿಕ್ ಪಕ್ಷದ ಹಿರಿಯ ನಾಯಕ ಮಾರ್ಟಿನ್ ವಾನ್ ಬ್ಯೂರೆನ್ ತಕ್ಷಣದ ಸೇರ್ಪಡೆಯನ್ನು ವಿರೋಧಿಸಿದರು. ಅದರಿಂದ ದಕ್ಷಿಣದ ಗುಲಾಮ ಒಡೆಯರ ಬೆಂಬಲವನ್ನು ಕಳೆದುಕೊಂಡರು. ಬಾಲ್ಟಿಮೋರ್‌ನಲ್ಲಿ ನಡೆದ ಪಕ್ಷದ ಸಮಾವೇಶದಲ್ಲಿ ಮೊದಲ ಏಳು ಸುತ್ತುಗಳ ಮತದಾನದಲ್ಲಿ ಪೋಲ್ಕ್‌ರ ಹೆಸರೇ ಇರಲಿಲ್ಲ. ಒಂಬತ್ತನೆಯ ಸುತ್ತಿನಲ್ಲಿ ಅವರೇ ಅಭ್ಯರ್ಥಿ. ಎದುರಾಳಿ ವಿಗ್ ಪಕ್ಷದ ಹೆನ್ರಿ ಕ್ಲೇ. ಇಡೀ ದೇಶದಲ್ಲಿ ಪೋಲ್ಕ್‌ಗೆ ದೊರೆತ ಮುನ್ನಡೆ ಸುಮಾರು 38 ಸಾವಿರ ಮತಗಳು. ತಮ್ಮ ಸ್ವಂತ ರಾಜ್ಯ ಟೆನೆಸ್ಸಿಯಲ್ಲೇ ಅವರು ಸೋತಿದ್ದರು. ನಿರ್ಣಾಯಕವಾದ ನ್ಯೂಯಾರ್ಕ್‌ನಲ್ಲಿ ಗೆದ್ದದ್ದು ಸುಮಾರು ಐದು ಸಾವಿರ ಮತಗಳಿಂದ. ವಿಪರ್ಯಾಸವೆಂದರೆ ಅಲ್ಲಿ ಗುಲಾಮಗಿರಿ ವಿರೋಧಿಗಳ ಲಿಬರ್ಟಿ ಪಾರ್ಟಿ ಹದಿನೈದು ಸಾವಿರಕ್ಕೂ ಹೆಚ್ಚು ಮತಗಳನ್ನು ಪಡೆದಿತ್ತು. ಅದರ ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಮತ ಕ್ಲೇ ಕಡೆಗೆ ಹೋಗಿದ್ದರೆ ಪೋಲ್ಕ್ ಅಧ್ಯಕ್ಷರಾಗುತ್ತಿರಲಿಲ್ಲ. ತತ್ವಕ್ಕಾಗಿ ಮತ ಹಾಕಿದವರು ತಮಗೆ ಅತ್ಯಂತ ಅಪ್ರಿಯನಾದವನ ಗೆಲುವಿಗೆ ಕಾರಣರಾದರೇ ಎಂಬ ಚರ್ಚೆ ಅಲ್ಲಿ ಬಹುಕಾಲ ನಡೆಯಿತು. ನಮ್ಮಲ್ಲೂ ಪ್ರತಿ ಚುನಾವಣೆಯ ಮರುದಿನ ಚಹಾದಂಗಡಿಗಳಲ್ಲಿ ನಡೆಯುವ ಚರ್ಚೆಯೂ ಇದೇ ಅಲ್ಲವೇ!

ಇನ್ನು ಈ ಮನುಷ್ಯನ ಸ್ವಭಾವ. ಯುದ್ಧಕೋರ ಎಂದೊಡನೆ ಅಬ್ಬರಿಸುವ, ಮದ್ಯಪಾನ ಮಾಡುವ, ಖಜಾನೆ ಲೂಟಿ ಮಾಡುವ ಒಬ್ಬ ಸರ್ವಾಧಿಕಾರಿಯನ್ನು ನಾವು ಕಲ್ಪಿಸಿಕೊಳ್ಳುತ್ತೇವೆ. ಪೋಲ್ಕ್ ಅಂಥವರಾಗಿರಲಿಲ್ಲ. ಹಗಲಿರುಳೆನ್ನದೆ ದುಡಿಯುತ್ತಿದ್ದರು. ಇಲಾಖೆಗಳ ಸಣ್ಣಪುಟ್ಟ ಕಾಗದಗಳನ್ನೂ ತಾವೇ ಓದುತ್ತಿದ್ದರು. ಅವರ ಪತ್ನಿ ಸಾರಾ ಶ್ವೇತಭವನದಲ್ಲಿ ನೃತ್ಯವನ್ನೂ ಕಟು ಮದ್ಯವನ್ನೂ ನಿಲ್ಲಿಸಿದ್ದರು. ಒಂದೇ ಅವಧಿಗೆ ಅಧ್ಯಕ್ಷನಾಗಿರುವೆನೆಂದು ಮೊದಲೇ ಮಾತು ಕೊಟ್ಟಿದ್ದರು, ಅದನ್ನು ಉಳಿಸಿಕೊಂಡರು. 1845ರ ಆಗಸ್ಟ್‌ನಿಂದ ದಿನಚರಿ ಬರೆಯತೊಡಗಿದರು. ತಮ್ಮ ಸಚಿವ ಸಂಪುಟದಲ್ಲಿ ಯಾರು ಏನು ಹೇಳಿದರೆಂಬುದನ್ನು ಅವರಷ್ಟು ವಿವರವಾಗಿ ಬರೆದಿಟ್ಟ ಅಧ್ಯಕ್ಷರು ವಿರಳ. ಇಂದು ಅವರ ವಿರುದ್ಧ ಸಾಕ್ಷಿ ನುಡಿಯುತ್ತಿರುವುದೂ ಬಹುಮಟ್ಟಿಗೆ ಅದೇ ದಿನಚರಿ.

ಇದೇ ಶಿಸ್ತಿನ ಮನುಷ್ಯನಿಗೆ ಮಿಸಿಸಿಪ್ಪಿಯಲ್ಲಿ ಹತ್ತಿಯ ತೋಟವಿತ್ತು. ಅಲ್ಲಿ ದುಡಿಯುತ್ತಿದ್ದವರು ಗುಲಾಮರು. ಅಧ್ಯಕ್ಷರಾಗಿದ್ದಾಗಲೇ ಅವರು ಬಂಧುಗಳ ಮತ್ತು ಮಧ್ಯವರ್ತಿಗಳ ಮೂಲಕ, ಹೊರಗೆ ತಿಳಿಯದ ಹಾಗೆ, ಇನ್ನಷ್ಟು ಗುಲಾಮರನ್ನು ಖರೀದಿಸಿದರು. ಅವರಲ್ಲಿ ಹಲವರು ಹದಿಹರೆಯದ ಮಕ್ಕಳು. ಗುಟ್ಟಾಗಿ ಮಾಡಿದರೆಂದರೆ ಅದು ಜನರ ಕಣ್ಣಿಗೆ ಬೀಳಬಾರದ ಕೆಲಸವೆಂಬ ಅರಿವು ಅವರಿಗಿತ್ತೆಂದೇ ಅರ್ಥ. ವೈಯಕ್ತಿಕ ಸರಳತೆಯನ್ನು ನೋಡಿ ಒಬ್ಬ ರಾಜಕಾರಣಿಗೆ ಸಚ್ಚಾರಿತ್ರ್ಯದ ಪ್ರಮಾಣಪತ್ರ ಕೊಟ್ಟುಬಿಡುವ ನಮ್ಮ ಅಭ್ಯಾಸಕ್ಕೆ ಪೋಲ್ಕ್ ಒಂದು ಉತ್ತರ.

1845ರ ಮಾರ್ಚ್ 4ರಂದು ಅಧಿಕಾರ ಸ್ವೀಕರಿಸಿದಾಗ ಅವರ ಮುಂದೆ ನಾಲ್ಕು ಗುರಿಗಳಿದ್ದವೆಂದು ಅವರ ನೌಕಾ ಸಚಿವ ಜಾರ್ಜ್ ಬ್ಯಾಂಕ್ರಾಫ್ಟ್ ನಂತರ ನೆನಪಿಸಿಕೊಂಡಿದ್ದಾರೆ. ಆಮದು ಸುಂಕದ ಇಳಿಕೆ ಮತ್ತು ಸರಕಾರದ ಹಣಕ್ಕೆ ಪ್ರತ್ಯೇಕ ಖಜಾನೆ, ಇವೆರಡೂ 1846ರಲ್ಲೇ ಈಡೇರಿದವು. ಅವುಗಳ ಬಗ್ಗೆ ಇಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಉಳಿದೆರಡು ನೆಲಕ್ಕೆ ಸಂಬಂಧಿಸಿದವು, ಒಂದು ಒರೆಗಾನ್, ಇನ್ನೊಂದು ಕ್ಯಾಲಿಫೋರ್ನಿಯಾ. ಈ ಎರಡನ್ನು ಅವರು ಪಡೆದ ಬಗೆಯಲ್ಲಿರುವ ವ್ಯತ್ಯಾಸವನ್ನು ಗಮನಿಸಬೇಕು.

ಒರೆಗಾನ್ ಪ್ರದೇಶದ ಮೇಲೆ ಅಮೆರಿಕದಂತೆ ಬ್ರಿಟನ್‌ಗೂ ಹಕ್ಕಿನ ವಾದವಿತ್ತು. 54 ಡಿಗ್ರಿ 40 ಮಿನಿಟ್ ಅಕ್ಷಾಂಶದ ವರೆಗೂ ನೆಲವೆಲ್ಲ ನಮ್ಮದೇ, ಇಲ್ಲವಾದರೆ ಯುದ್ಧ ಎಂದು ಪೋಲ್ಕ್‌ರ ಪಕ್ಷದ ಉಗ್ರರು ಕೂಗಾಡುತ್ತಿದ್ದರು. ಪೋಲ್ಕ್ ಸಹ ಬಿರುಸಾಗಿಯೇ ಮಾತಾಡಿದರು. ಆದರೆ ಎದುರಿಗಿದ್ದುದು ಅಂದಿನ ಜಗತ್ತಿನ ಅತಿ ದೊಡ್ಡ ನೌಕಾಪಡೆ. 1846ರ ಜೂನ್ 15ರಂದು 49ನೆಯ ಅಕ್ಷಾಂಶದಲ್ಲಿ ರೇಖೆ ಎಳೆದು ಸದ್ದಿಲ್ಲದೆ ಒಪ್ಪಂದ ಮಾಡಿಕೊಂಡರು. ಬಲಿಷ್ಠನೊಂದಿಗೆ ವಿವಾದ ಬಂದಾಗ ಅಕ್ಷಾಂಶಗಳೂ ಬಗ್ಗುತ್ತವೆ. ಮೆಕ್ಸಿಕೋದ ವಿಷಯದಲ್ಲಿ ಒಂದು ನದಿಯೂ ಬಗ್ಗಲಿಲ್ಲ.

ನದಿಯ ಕತೆಯನ್ನು ಸ್ವಲ್ಪ ನಿಧಾನವಾಗಿ ಕೇಳಬೇಕೆಂದು ವಿನಂತಿ, ಏಕೆಂದರೆ ಎಲ್ಲವೂ ಅಲ್ಲಿಯೇ ಇದೆ.

ಟೆಕ್ಸಾಸನ್ನು ಸೇರಿಸಿಕೊಳ್ಳುವ ನಿರ್ಣಯಕ್ಕೆ ಹಿಂದಿನ ಅಧ್ಯಕ್ಷ ಜಾನ್ ಟೈಲರ್ ಅಧಿಕಾರ ಬಿಡುವ ಮೂರು ದಿನ ಮೊದಲು ಸಹಿ ಹಾಕಿದ್ದರು. 1845ರ ಡಿಸೆಂಬರ್‌ನಲ್ಲಿ ಟೆಕ್ಸಾಸ್ ಅಮೆರಿಕದ ರಾಜ್ಯವಾಯಿತು. ಆದರೆ ಟೆಕ್ಸಾಸ್ ಎಂದರೆ ಎಲ್ಲಿಯ ವರೆಗೆ? ಸ್ಪೇನಿನ ಮತ್ತು ಮೆಕ್ಸಿಕೋದ ಆಳ್ವಿಕೆಯಲ್ಲಿ ಅದರ ದಕ್ಷಿಣದ ಗಡಿ ನ್ಯೂಎಸಸ್ ನದಿ. ಟೆಕ್ಸಾಸ್‌ನವರು ಮಾತ್ರ ಇನ್ನೂ ದಕ್ಷಿಣಕ್ಕೆ ಹರಿಯುವ ರಿಯೊ ಗ್ರಾಂಡೆಯೇ ತಮ್ಮ ಗಡಿಯೆಂದು ವಾದಿಸುತ್ತಿದ್ದರು. ಎರಡು ನದಿಗಳ ನಡುವೆ ಸುಮಾರು 150 ಮೈಲಿ ಅಗಲದ ಪಟ್ಟಿ. ಅಲ್ಲಿ ಟೆಕ್ಸಾಸ್‌ನ ಆಡಳಿತ ಎಂದೂ ನೆಲೆಗೊಂಡಿರಲಿಲ್ಲ. ರಿಯೊ ಗ್ರಾಂಡೆಯ ದಡದಲ್ಲಿ ವಾಸಿಸುತ್ತಿದ್ದವರು ಮೆಕ್ಸಿಕನ್ನರು.

ಪೋಲ್ಕ್‌ಗೆ ಬೇಕಾಗಿದ್ದುದು ವಸ್ತುತಃ ಈ ಪಟ್ಟಿಯಲ್ಲ, ಶಾಂತಸಾಗರದ ತೀರದಲ್ಲಿದ್ದ ಕ್ಯಾಲಿಫೋರ್ನಿಯಾ. ಮೊದಲು ಅದನ್ನು ಕೊಳ್ಳಲು ಹವಣಿಸಿದರು. 1845ರ ಕೊನೆಯಲ್ಲಿ ಜಾನ್ ಸ್ಲೈಡೆಲ್ ಎಂಬ ರಾಯಭಾರಿಯನ್ನು ಎರಡೂವರೆ ಕೋಟಿ ಡಾಲರ್‌ಗಳ ವರೆಗೆ ಕೊಡುವ ಅಧಿಕಾರದೊಂದಿಗೆ ಮೆಕ್ಸಿಕೋಗೆ ಕಳುಹಿಸಿದರು. ಟೆಕ್ಸಾಸನ್ನು ಕಳೆದುಕೊಂಡ ಗಾಯ ಇನ್ನೂ ಆರಿರದ ಮೆಕ್ಸಿಕೋ ಅವರನ್ನು ಭೇಟಿಯಾಗಲೂ ಒಪ್ಪಲಿಲ್ಲ. ಆ ಸುದ್ದಿ ವಾಷಿಂಗ್ಟನ್ ತಲುಪಿದ ಮರುದಿನವೇ, ಅಂದರೆ 1846ರ ಜನವರಿ 13ರಂದು, ಜನರಲ್ ಝಕಾರಿ ಟೇಲರ್‌ಗೆ ಸೇನೆಯೊಂದಿಗೆ ರಿಯೊ ಗ್ರಾಂಡೆಗೆ ಸಾಗಬೇಕೆಂಬ ಆಜ್ಞೆ ಹೊರಟಿತು. ಮಾರ್ಚ್ ಕೊನೆಯಲ್ಲಿ ಟೇಲರ್ ಅಲ್ಲಿ ತಲುಪಿ, ಆಚೆ ದಡದ ಮತಾಮೊರೊಸ್ ಪಟ್ಟಣದ ಎದುರಿಗೇ ಕೋಟೆ ಕಟ್ಟತೊಡಗಿದರು. ಫಿರಂಗಿಗಳ ಬಾಯಿ ಪಟ್ಟಣದ ಕಡೆಗಿತ್ತು. ನದಿಯ ಮುಖಜವನ್ನೂ ತಡೆದರು.

ಆ ಸೇನೆಯಲ್ಲಿ ಯುಲಿಸಿಸ್ ಗ್ರಾಂಟ್ ಎಂಬ ತರುಣ ಅಧಿಕಾರಿಯಿದ್ದರು, ಮುಂದೆ ಅಂತರ್ಯುದ್ಧದ ಸೇನಾಪತಿಯಾಗಿ, ಬಳಿಕ ಅಧ್ಯಕ್ಷರಾಗಿ ಖ್ಯಾತರಾದವರು. ತಮ್ಮನ್ನು ಅಲ್ಲಿಗೆ ಕಳುಹಿಸಿದ್ದೇ ಜಗಳ ಹುಟ್ಟಿಸುವುದಕ್ಕೆ, ಆದರೆ ಮೊದಲ ಏಟು ಮೆಕ್ಸಿಕೋದಿಂದ ಬರಬೇಕಾಗಿತ್ತು ಎಂದು ಅವರು ವೃದ್ಧಾಪ್ಯದ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾರೆ. ಬಲಿಷ್ಠ ರಾಷ್ಟ್ರವೊಂದು ದುರ್ಬಲ ರಾಷ್ಟ್ರದ ಮೇಲೆ ಹೂಡಿದ ಅತ್ಯಂತ ಅನ್ಯಾಯದ ಯುದ್ಧಗಳಲ್ಲಿ ಅದನ್ನೂ ಎಣಿಸಿದ್ದಾರೆ. ಅದೇ ಪಾಳೆಯದಲ್ಲಿದ್ದ ಕರ್ನಲ್ ಹಿಚ್‌ಕಾಕ್ ಎಂಬ ಹಿರಿಯ ಅಧಿಕಾರಿ, ಇಲ್ಲಿರಲು ನಮಗೆ ಯಾವ ಹಕ್ಕೂ ಇಲ್ಲವೆಂಬ ಅರ್ಥದ ಮಾತನ್ನು ಅಂದೇ ತನ್ನ ದಿನಚರಿಯಲ್ಲಿ ಬರೆದರು. ಸೈನಿಕರಿಗೆ ಗೊತ್ತಿತ್ತು. ಆದರೂ ಅವರು ಹೋರಾಡಿದರು, ಶೌರ್ಯದಿಂದಲೇ ಹೋರಾಡಿದರು. ಯುದ್ಧ ಶುರುವಾದ ಮೇಲೆ ಅದರ ನ್ಯಾಯಾನ್ಯಾಯವನ್ನು ಸಿಪಾಯಿಯಿಂದ ಯಾರೂ ಕೇಳುವುದಿಲ್ಲ.

ಏಪ್ರಿಲ್ 25ರಂದು ಆ ವಿವಾದಿತ ಪಟ್ಟಿಯಲ್ಲಿ ಗಸ್ತು ಹೊರಟಿದ್ದ ಅಮೆರಿಕನ್ ತುಕಡಿಯ ಮೇಲೆ ನದಿ ದಾಟಿ ಬಂದಿದ್ದ ಮೆಕ್ಸಿಕೋದ ಅಶ್ವದಳ ಎರಗಿತು. ಕೆಲವರು ಸತ್ತರು, ಉಳಿದವರು ಸೆರೆಯಾದರು. ಸುದ್ದಿ ವಾಷಿಂಗ್ಟನ್‌ಗೆ ಬರಲು ಎರಡು ವಾರ ಬೇಕಾಯಿತು.

ಮೇ 9, ಶನಿವಾರ. ಅಂದು ಪೋಲ್ಕ್ ಸಂಪುಟ ಸಭೆ ಕರೆದಿದ್ದರು. ನದಿ ತೀರದ ಕಾದಾಟ ಇನ್ನೂ ಯಾರಿಗೂ ಗೊತ್ತಿಲ್ಲ. ಆದರೂ ಮೆಕ್ಸಿಕೋ ಹಳೆಯ ಬಾಕಿ ತೀರಿಸಿಲ್ಲ, ನಮ್ಮ ರಾಯಭಾರಿಯನ್ನು ಸ್ವೀಕರಿಸಿಲ್ಲ ಎಂಬ ಕಾರಣಗಳನ್ನಿಟ್ಟುಕೊಂಡು ಮಂಗಳವಾರ ಯುದ್ಧದ ಸಂದೇಶವನ್ನು ಕಾಂಗ್ರೆಸ್‌ಗೆ ಕಳುಹಿಸುವುದೆಂದು ನಿಶ್ಚಯವಾಯಿತು. ಬ್ಯಾಂಕ್ರಾಫ್ಟ್ ಒಬ್ಬರು ಮಾತ್ರ, ಮೆಕ್ಸಿಕೋ ಕಡೆಯಿಂದ ಏನಾದರೂ ಆಕ್ರಮಣ ನಡೆದ ಮೇಲೆ ಎಂದರು. ಸಂಜೆ ಆರರ ಹೊತ್ತಿಗೆ ಟೇಲರ್‌ರ ವರದಿ ಬಂತು. ಮತ್ತೆ ಸಭೆ ಸೇರಿತು, ಈಗ ಸರ್ವಾನುಮತ. ಭಾನುವಾರವಿಡೀ ಕುಳಿತು ಪೋಲ್ಕ್ ಸಂದೇಶವನ್ನು ಸಿದ್ಧಪಡಿಸಿದರು. ಪ್ರಾರ್ಥನೆಯ ದಿನದಂದು ಕೆಲಸ ಮಾಡಬೇಕಾಯಿತಲ್ಲಾ ಎಂದು ದಿನಚರಿಯಲ್ಲಿ ವಿಷಾದಿಸಿದ್ದಾರೆ. ಅವರ ಅಂತಃಸಾಕ್ಷಿಗೆ ಚುಚ್ಚಿದ್ದು ಅದು! ಯುದ್ಧದ ನಿರ್ಧಾರ ಮೊದಲು, ಯುದ್ಧಕ್ಕೆ ಕಾರಣ ಆನಂತರ ಎಂಬ ಕ್ರಮವನ್ನು ಅದೇ ಪುಟಗಳಲ್ಲಿ ಅವರು ಯಾವ ಅಳುಕೂ ಇಲ್ಲದೆ ದಾಖಲಿಸಿದ್ದಾರೆ.

ಮೇ 11ರಂದು ಸಂದೇಶ ಕಾಂಗ್ರೆಸ್ ಮುಂದೆ ಬಂತು. ಮೆಕ್ಸಿಕೋ ನಮ್ಮ ಗಡಿಯನ್ನು ದಾಟಿದೆ, ನಮ್ಮ ನೆಲವನ್ನು ಆಕ್ರಮಿಸಿದೆ, ಅಮೆರಿಕದ ನೆಲದಲ್ಲಿ ಅಮೆರಿಕದ ರಕ್ತ ಹರಿಸಿದೆ ಎಂಬುದು ಅದರ ತಿರುಳು. ರಕ್ತ ಹರಿದಿತ್ತು, ಅದು ಅಮೆರಿಕನ್ನರ ರಕ್ತವೇ ಆಗಿತ್ತು. ಆದರೆ ನೆಲ ಯಾರದು ಎಂಬುದೇ ವಿವಾದವಾಗಿರುವಾಗ ಆ ಒಂದು ಪದವನ್ನು ನಡುವೆ ಸೇರಿಸಿ ವಿವಾದವನ್ನೇ ಅಳಿಸಿಹಾಕಲಾಗಿತ್ತು.

ಇದಕ್ಕಿಂತಲೂ ಚತುರವಾದುದು ಮಸೂದೆಯ ರಚನೆ. ಐವತ್ತು ಸಾವಿರ ಸ್ವಯಂಸೇವಕ ಸೈನಿಕರು, ಒಂದು ಕೋಟಿ ಡಾಲರ್ ಹಣ, ಇವುಗಳ ಮಂಜೂರಾತಿಗಾಗಿ ಮಸೂದೆ. ಅದರ ಪೀಠಿಕೆಯಲ್ಲಿ, ಮೆಕ್ಸಿಕೋದ ಕೃತ್ಯದಿಂದಾಗಿ ಯುದ್ಧಸ್ಥಿತಿ ಈಗಾಗಲೇ ಉಂಟಾಗಿದೆ ಎಂಬ ಒಂದು ವಾಕ್ಯ. ಪೀಠಿಕೆ ಸುಳ್ಳೆಂದು ಯಾರಿಗಾದರೂ ಅನಿಸಿದರೆ ಅವರು ಇಡೀ ಮಸೂದೆಯನ್ನೇ ವಿರೋಧಿಸಬೇಕು, ಅಂದರೆ ಶತ್ರುವಿನ ಎದುರು ಅಪಾಯದಲ್ಲಿರುವ ನಮ್ಮ ಸೈನಿಕರಿಗೆ ನೆರವು ಬೇಡ ಎನ್ನಬೇಕು. ಯಾವ ಜನಪ್ರತಿನಿಧಿ ಹಾಗೆ ಹೇಳಿ ತನ್ನ ಊರಿಗೆ ಮರಳಬಲ್ಲ? ಪ್ರತಿನಿಧಿ ಸಭೆಯಲ್ಲಿ ಚರ್ಚೆಗೆ ಕೊಟ್ಟ ಸಮಯ ಎರಡು ಗಂಟೆ. ಅದರ ಬಹುಪಾಲು ಅಧ್ಯಕ್ಷರು ಕಳುಹಿಸಿದ ಕಾಗದಗಳನ್ನು ಓದುವುದರಲ್ಲೇ ಕಳೆಯಿತು. ಮಸೂದೆಯ ಪರ 174 ಮತ, ವಿರುದ್ಧ 14. ಮರುದಿನ ಮೇಲ್ಮನೆಯಾದ ಸೆನೆಟ್‌ನಲ್ಲಿ 40 ಮತ್ತು 2. ಮೇ 13ರಂದು ಪೋಲ್ಕ್ ಸಹಿ ಹಾಕಿದರು.

ನಮ್ಮ ಕಾಲದವರಿಗೆ ಈ ತಂತ್ರ ಹೊಸದೆನಿಸಲಾರದು. 1964ರಲ್ಲಿ ಟಾಂಕಿನ್ ಕೊಲ್ಲಿಯಲ್ಲಿ ಅಮೆರಿಕದ ಹಡಗುಗಳ ಮೇಲೆ ಎರಡನೆಯ ಬಾರಿ ದಾಳಿಯಾಯಿತೆಂಬ, ನಡೆದೇ ಇರದ ಘಟನೆಯ ವರದಿಯನ್ನು ಮುಂದಿಟ್ಟುಕೊಂಡು ವಿಯೆಟ್ನಾಂ ಯುದ್ಧಕ್ಕೆ ಅನುಮತಿ ಪಡೆಯಲಾಯಿತು. ಪ್ರತಿನಿಧಿ ಸಭೆಯಲ್ಲಿ ಒಂದೇ ಒಂದು ವಿರೋಧ ಮತವಿರಲಿಲ್ಲ. 2002ರಲ್ಲಿ ಇರಾಕಿನ ಸಮೂಹನಾಶಕ ಅಸ್ತ್ರಗಳ ಹೆಸರಿನಲ್ಲಿ ಅದೇ ಕಾಂಗ್ರೆಸ್ ಮತ್ತೊಮ್ಮೆ ಕೈ ಎತ್ತಿತು. 2003ರಲ್ಲಿ ಬಗ್ದಾದ್ ಉರುಳಿತು, ಅಸ್ತ್ರಗಳು ಮಾತ್ರ ಸಿಗಲಿಲ್ಲ.

ಅಂದು ಇಲ್ಲವೆಂದ ಹದಿನಾಲ್ವರಲ್ಲಿ ಮಾಜಿ ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸ್ ಒಬ್ಬರು. ಅಧ್ಯಕ್ಷ ಪದವಿಯಿಂದ ಇಳಿದ ಮೇಲೆ ಸಾಮಾನ್ಯ ಸದಸ್ಯನಾಗಿ ಸಭೆಗೆ ಮರಳಿದ ಅಪರೂಪದ ವ್ಯಕ್ತಿ. 1848ರ ಫೆಬ್ರವರಿ 21ರಂದು, ಮೆಕ್ಸಿಕೋ ಯುದ್ಧದ ಸೇನಾಧಿಕಾರಿಗಳನ್ನು ಗೌರವಿಸುವ ನಿರ್ಣಯ ಸಭೆಯ ಮುಂದಿದ್ದಾಗ, ಎಂಬತ್ತರ ಆ ವೃದ್ಧರು ಗಟ್ಟಿ ದನಿಯಲ್ಲಿ ತಮ್ಮ ವಿರೋಧವನ್ನು ಕೂಗಿ ಹೇಳಿದರು. ಸ್ವಲ್ಪ ಹೊತ್ತಿನಲ್ಲೇ ತಮ್ಮ ಮೇಜಿನ ಬಳಿ ಕುಸಿದರು. ಎರಡು ದಿನಗಳ ಬಳಿಕ ಅದೇ ಕಟ್ಟಡದಲ್ಲಿ ಕೊನೆಯುಸಿರೆಳೆದರು.

ಮೆಸಾಚುಸೆಟ್ಸ್‌ನಲ್ಲಿ ಹೆನ್ರಿ ಡೇವಿಡ್ ಥೋರೊ ಎಂಬಾತ ಗುಲಾಮಗಿರಿಯನ್ನು ಪೋಷಿಸುವ ಸರಕಾರಕ್ಕೆ ತಲೆಗಂದಾಯ ಕೊಡಲು ನಿರಾಕರಿಸಿ 1846ರ ಜುಲೈನಲ್ಲಿ ಒಂದು ರಾತ್ರಿ ಜೈಲಿನಲ್ಲಿ ಕಳೆದ. ಆ ನಿರಾಕರಣೆಗೆ ಸಮರ್ಥನೆಯಾಗಿ, ಈ ಯುದ್ಧವನ್ನೂ ಖಂಡಿಸಿ ಅವನು ಮಾಡಿದ ಭಾಷಣ 1849ರಲ್ಲಿ ಪ್ರಬಂಧವಾಗಿ ಅಚ್ಚಾಯಿತು. ಅರ್ಧ ಶತಮಾನ ಕಳೆದ ಮೇಲೆ ದಕ್ಷಿಣ ಆಫ್ರಿಕಾದಲ್ಲಿ ಗಾಂಧೀಜಿ ಅದನ್ನು ಓದಿದರು; ತಮ್ಮ ಪತ್ರಿಕೆಯಲ್ಲಿ ಪರಿಚಯಿಸಿದರು. ಪೋಲ್ಕ್‌ರ ಯುದ್ಧಕ್ಕೂ ನಮ್ಮ ಸ್ವಾತಂತ್ರ್ಯ ಚಳವಳಿಗೂ ಹೀಗೊಂದು ತೆಳುವಾದ ನೂಲಿದೆ.

ಇನ್ನೊಬ್ಬರು, ಇಲಿನಾಯ್ಸ್‌ನಿಂದ ಮೊದಲ ಬಾರಿಗೆ ಆಯ್ಕೆಯಾಗಿ ಬಂದ ಅಬ್ರಹಾಂ ಲಿಂಕನ್. 1847ರ ಡಿಸೆಂಬರ್ 22ರಂದು ಅವರು ಸಭೆಯಲ್ಲಿ ಎಂಟು ಪ್ರಶ್ನೆಗಳ ನಿರ್ಣಯವೊಂದನ್ನು ಮಂಡಿಸಿದರು. ಎಲ್ಲದರ ಸಾರ ಒಂದೇ: ಆ ರಕ್ತ ಬಿದ್ದ ಜಾಗ ಯಾವುದು, ಅದು ಯಾರ ಆಳ್ವಿಕೆಯಲ್ಲಿತ್ತು, ಅಲ್ಲಿಯ ಜನ ಎಂದಾದರೂ ನಮ್ಮ ಸರಕಾರಕ್ಕೆ ತೆರಿಗೆ ಕೊಟ್ಟಿದ್ದರೇ, ನಮ್ಮ ಚುನಾವಣೆಯಲ್ಲಿ ಮತ ಹಾಕಿದ್ದರೇ, ನಮ್ಮ ಸೇನೆ ಬಂದಾಗ ಮನೆಮಠ ಬಿಟ್ಟು ಓಡಿದವರು ಅವರೇ ಅಲ್ಲವೇ? ಪೋಲ್ಕ್ ಉತ್ತರಿಸಲಿಲ್ಲ. ಪತ್ರಿಕೆಗಳು ಆ 'ಜಾಗ'ವನ್ನೇ ಲಿಂಕನ್‌ಗೆ ಅಡ್ಡಹೆಸರಾಗಿಸಿ ಅಪಹಾಸ್ಯ ಮಾಡಿದವು. ಆದಾಗ್ಯೂ 1848ರ ಜನವರಿ 3ರಂದು ಅದೇ ಪ್ರತಿನಿಧಿ ಸಭೆ, ಈ ಯುದ್ಧವನ್ನು ಅಧ್ಯಕ್ಷರು ಅನಗತ್ಯವಾಗಿಯೂ ಸಂವಿಧಾನಬಾಹಿರವಾಗಿಯೂ ಆರಂಭಿಸಿದರೆಂದು 81ಕ್ಕೆ ಎದುರಾಗಿ 85 ಮತಗಳಿಂದ ಹೇಳಿತು. ಎರಡು ಗಂಟೆಯಲ್ಲಿ ಹೂಡಿದ ಯುದ್ಧದ ಸತ್ಯವನ್ನು ಒಪ್ಪಲು ಇಪ್ಪತ್ತು ತಿಂಗಳು ಹಿಡಿದವು. ಅಷ್ಟರಲ್ಲಿ ಮೆಕ್ಸಿಕೋ ನಗರ ಬಿದ್ದು ಮೂರು ತಿಂಗಳು ಕಳೆದಿದ್ದವು.

ಮೆಕ್ಸಿಕೋ ಅಷ್ಟು ಸುಲಭವಾಗಿ ಸೋತದ್ದೇಕೆ ಎಂಬುದನ್ನೂ ನೋಡಬೇಕು. ಎಲ್ಲವನ್ನೂ ಶತ್ರುವಿನ ಕುತಂತ್ರಕ್ಕೆ ಆರೋಪಿಸಿ ಕೈತೊಳೆದುಕೊಳ್ಳುವುದು ಸೋತ ಸಮುದಾಯಗಳ ಹಳೆಯ ರೋಗ. ಅಲ್ಲಿ ಸರಕಾರಗಳು ಋತುಗಳಂತೆ ಬದಲಾಗುತ್ತಿದ್ದವು. ಅಮೆರಿಕನ್ ಯುದ್ಧನೌಕೆಗಳು ಬಂದರುಗಳನ್ನು ಮುತ್ತಿದ್ದಾಗಲೂ ನಾಯಕರಿಗೆ ಪರಸ್ಪರರೇ ಮುಖ್ಯ ಶತ್ರುಗಳು. ಕ್ಯೂಬಾದಲ್ಲಿ ಗಡೀಪಾರಾಗಿದ್ದ ಸಾಂತಾ ಅನಾ, ತನ್ನನ್ನು ಮರಳಲು ಬಿಟ್ಟರೆ ಅಮೆರಿಕಕ್ಕೆ ಅನುಕೂಲವಾದ ಸಂಧಿ ಮಾಡಿಸುವೆನೆಂದು ಪೋಲ್ಕ್‌ಗೆ ಗುಟ್ಟಾಗಿ ಆಸೆ ತೋರಿಸಿದ. ಪೋಲ್ಕ್ ತಮ್ಮದೇ ನೌಕಾ ದಿಗ್ಬಂಧನವನ್ನು ಸಡಿಲಿಸಿ ಅವನನ್ನು ಒಳಬಿಟ್ಟರು. ಒಳಬಂದವನು ಸೇನೆಯ ನಾಯಕತ್ವ ವಹಿಸಿ ಅಮೆರಿಕದ ವಿರುದ್ಧವೇ ಹೋರಾಡಿದ, ಇಬ್ಬರಿಗೂ ಮೋಸ ಮಾಡಿದ. 1847ರ ಫೆಬ್ರವರಿ ಕೊನೆಯಲ್ಲಿ, ಯುದ್ಧದ ಖರ್ಚಿಗಾಗಿ ಚರ್ಚಿನ ಆಸ್ತಿಯ ಮೇಲೆ ಸರಕಾರ ಕೈಯಿಟ್ಟಿತೆಂದು ರಾಜಧಾನಿಯ ಶ್ರೀಮಂತ ತರುಣರ ಪಡೆಗಳು ತಮ್ಮದೇ ಸರಕಾರದ ವಿರುದ್ಧ ಬಂಡೆದ್ದವು. ಜನ ಅವರನ್ನು 'ಪೋಲ್ಕೋಸ್' ಎಂದು ಕರೆದರು. ಬೀದಿಗಳಲ್ಲಿ ಆ ಕಾಳಗ ನಡೆಯುತ್ತಿದ್ದಾಗಲೇ, ಮಾರ್ಚ್ 9ರಂದು, ಜನರಲ್ ವಿನ್‌ಫೀಲ್ಡ್ ಸ್ಕಾಟ್‌ರ ಸೇನೆ ವೆರಾಕ್ರೂಸ್ ಬಂದರಿನ ಬಳಿ ಇಳಿಯಿತು. ಸೆಪ್ಟೆಂಬರ್ 14ರಂದು ಅದೇ ಸೇನೆ ಮೆಕ್ಸಿಕೋ ನಗರವನ್ನು ಪ್ರವೇಶಿಸಿತು.

ಯುದ್ಧದಲ್ಲಿ ಸತ್ತ ಅಮೆರಿಕನ್ ಸೈನಿಕರು ಸುಮಾರು 13 ಸಾವಿರ. ಅವರಲ್ಲಿ ಕಾಳಗದಲ್ಲಿ ಮಡಿದವರು ಎರಡು ಸಾವಿರಕ್ಕಿಂತ ಕಡಿಮೆ. ಉಳಿದವರನ್ನು ಬಲಿತೆಗೆದುಕೊಂಡದ್ದು ಬಹುಪಾಲು ರೋಗ.

1848ರ ಫೆಬ್ರವರಿ 2ರ ಗ್ವಾಡಲೂಪೆ ಹಿಡಾಲ್ಗೊ ಒಪ್ಪಂದದಂತೆ ಮೆಕ್ಸಿಕೋ ಕ್ಯಾಲಿಫೋರ್ನಿಯಾ, ನ್ಯೂ ಮೆಕ್ಸಿಕೋ ಮತ್ತು ಅವುಗಳ ನಡುವಿನ ಸಕಲ ಪ್ರದೇಶವನ್ನು ಬಿಟ್ಟುಕೊಟ್ಟಿತು. ಟೆಕ್ಸಾಸನ್ನೂ ಸೇರಿಸಿ ಲೆಕ್ಕ ಹಾಕಿದರೆ ಆ ದೇಶ ಕಳೆದುಕೊಂಡದ್ದು ತನ್ನ ನೆಲದ ಅರ್ಧಕ್ಕಿಂತಲೂ ಹೆಚ್ಚು. ಪ್ರತಿಯಾಗಿ ದೊರೆತದ್ದು ಒಂದೂವರೆ ಕೋಟಿ ಡಾಲರ್. ಸಹಿಯಾಗುವ ಒಂಬತ್ತು ದಿನ ಮೊದಲು ಕ್ಯಾಲಿಫೋರ್ನಿಯಾದ ಒಂದು ಮರ ಕೊಯ್ಯುವ ಗಿರಣಿಯ ಕಾಲುವೆಯಲ್ಲಿ ಚಿನ್ನ ಸಿಕ್ಕಿತ್ತು. ಸಹಿ ಹಾಕಿದವರಿಗೆ ಅದು ತಿಳಿದಿರಲಿಲ್ಲ.

ಗಡಿ ಸರಿದಾಗ ಮನುಷ್ಯರು ಇದ್ದಲ್ಲೇ ಇದ್ದು ಪರದೇಶಿಗಳಾಗುತ್ತಾರೆ. ಹಾಗೆ ಒಂದೇ ದಿನದಲ್ಲಿ ಅಮೆರಿಕದ ಅಧೀನಕ್ಕೆ ಬಂದ ಮೆಕ್ಸಿಕನ್ನರು 80 ಸಾವಿರದಿಂದ ಒಂದು ಲಕ್ಷದಷ್ಟಿದ್ದರು. ಅವರ ಆಸ್ತಿಗೆ ರಕ್ಷಣೆ, ಅವರಿಗೆ ನಾಗರಿಕತ್ವ, ಅವರ ಧರ್ಮಕ್ಕೆ ಸ್ವಾತಂತ್ರ್ಯ ಎಂದು ಒಪ್ಪಂದದಲ್ಲಿ ಬರೆಯಲಾಗಿತ್ತು. ಮೆಕ್ಸಿಕೋ ಸರಕಾರ ಹಿಂದೆ ಕೊಟ್ಟಿದ್ದ ಜಮೀನಿನ ಪಟ್ಟೆಗಳನ್ನು ಮಾನ್ಯ ಮಾಡುವ ಹತ್ತನೆಯ ವಿಧಿಯನ್ನು ಮಾತ್ರ ಅಮೆರಿಕದ ಸೆನೆಟ್ ಅನುಮೋದನೆಗೆ ಮೊದಲೇ ಕಿತ್ತುಹಾಕಿತು. 1851ರಲ್ಲಿ ಕ್ಯಾಲಿಫೋರ್ನಿಯಾಕ್ಕೆಂದೇ ಒಂದು ಭೂ ಕಾಯಿದೆ ಬಂತು. ಅದರಂತೆ ತಲೆತಲಾಂತರದಿಂದ ಉತ್ತು ಬಿತ್ತಿದವನೇ ಆಯೋಗದ ಮುಂದೆ ನಿಂತು ಈ ನೆಲ ತನ್ನದೆಂದು ಸಾಬೀತುಪಡಿಸಬೇಕಾಯಿತು. ಕಾಗದ ಸ್ಪ್ಯಾನಿಷ್‌ನಲ್ಲಿ, ನ್ಯಾಯಾಲಯ ಇಂಗ್ಲಿಷ್‌ನಲ್ಲಿ. ಒಂದೊಂದು ವ್ಯಾಜ್ಯ ಸರಾಸರಿ ಹದಿನೇಳು ವರ್ಷ ನಡೆಯಿತು. ಗೆದ್ದವರಲ್ಲೂ ಅನೇಕರು ವಕೀಲರ ಶುಲ್ಕಕ್ಕಾಗಿ ಗೆದ್ದ ಜಮೀನನ್ನೇ ಮಾರಿದರು. ದಾಖಲೆ ತೋರಿಸು ಎಂಬ ಮಾತು ನಮ್ಮ ಕಿವಿಗಳಿಗೂ ಅಪರಿಚಿತವಲ್ಲವಾದ್ದರಿಂದ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಅವರಿಗಿಂತಲೂ ಮೊದಲಿನ ನಿವಾಸಿಗಳ ಪಾಡು ಇನ್ನೂ ಘೋರ. ಕ್ಯಾಲಿಫೋರ್ನಿಯಾದ ಮೂಲನಿವಾಸಿಗಳು 1846ರ ಸುಮಾರಿಗೆ ಒಂದೂವರೆ ಲಕ್ಷದಷ್ಟಿದ್ದರೆಂದು ಅಂದಾಜು. ಚಿನ್ನದ ಬೇಟೆಗಾರರ, ಸರಕಾರದ ಹಣ ಪಡೆದ ಪಡೆಗಳ, ರೋಗ ಮತ್ತು ಹಸಿವಿನ ಹೊಡೆತಕ್ಕೆ ಸಿಕ್ಕಿ ಒಂದು ತಲೆಮಾರಿನೊಳಗೆ ಅವರು ಮೂವತ್ತು ಸಾವಿರದ ಆಸುಪಾಸಿಗೆ ಇಳಿದರು. 2019ರಲ್ಲಿ ಆ ರಾಜ್ಯದ ಗವರ್ನರ್ ಅದನ್ನು ನರಮೇಧವೆಂದೇ ಕರೆದು ಕ್ಷಮೆ ಕೇಳಿದರು.

ಗೆದ್ದ ನೆಲ ಗೆದ್ದವರಿಗೂ ನೆಮ್ಮದಿ ಕೊಡಲಿಲ್ಲ. ಯುದ್ಧ ಶುರುವಾದ ಮೂರೇ ತಿಂಗಳಲ್ಲಿ ಡೇವಿಡ್ ವಿಲ್ಮಟ್ ಎಂಬ ಸದಸ್ಯರು, ಮೆಕ್ಸಿಕೋದಿಂದ ಪಡೆಯುವ ಯಾವ ನೆಲದಲ್ಲೂ ಗುಲಾಮಗಿರಿ ಇರಕೂಡದೆಂಬ ತಿದ್ದುಪಡಿಯನ್ನು ತಂದರು. ಪ್ರತಿನಿಧಿ ಸಭೆ ಒಪ್ಪಿತು, ಸೆನೆಟ್‌ನಲ್ಲಿ ಅದು ಪಾರಾಗಲಿಲ್ಲ. ಪೋಲ್ಕ್‌ಗೆ ಆ ಪ್ರಶ್ನೆಗೂ ಯುದ್ಧಕ್ಕೂ ಏನು ಸಂಬಂಧವೆಂದೇ ಅರ್ಥವಾಗಲಿಲ್ಲವಂತೆ! ಹೊಸ ನೆಲದಲ್ಲಿ ಗುಲಾಮರೋ ಸ್ವತಂತ್ರರೋ ಎಂಬ ಆ ಪ್ರಶ್ನೆಯೇ ಬೆಳೆಯುತ್ತಾ ಹೋಗಿ 1861ರಲ್ಲಿ ದೇಶ ಇಬ್ಭಾಗವಾಯಿತು. ಆಗ ಅಧ್ಯಕ್ಷರಾಗಿದ್ದವರು, ಜಾಗ ಯಾವುದೆಂದು ಕೇಳಿ ನಗೆಪಾಟಲಾಗಿದ್ದ ಅದೇ ಲಿಂಕನ್.

ಪೋಲ್ಕ್ ಇದನ್ನು ನೋಡಲಿಲ್ಲ. 1849ರ ಮಾರ್ಚ್ 4ರಂದು ಅಧಿಕಾರ ಬಿಟ್ಟರು. ದುಡಿದು ದುಡಿದು ದೇಹ ಸವೆದಿತ್ತು. ದಕ್ಷಿಣದ ರಾಜ್ಯಗಳ ಮೂಲಕ ಸನ್ಮಾನ ಪಡೆಯುತ್ತಾ ಊರಿಗೆ ಮರಳಿದರು. ಜೂನ್ 15ರಂದು ನ್ಯಾಶ್‌ವಿಲ್‌ನಲ್ಲಿ ತೀರಿಕೊಂಡರು, ಕಾಲರಾ ಎನ್ನಲಾಗುತ್ತದೆ. ವಯಸ್ಸು 53. ತಾವೂ ತಮ್ಮ ಪತ್ನಿಯೂ ತೀರಿಕೊಂಡ ಮೇಲೆ ಗುಲಾಮರಿಗೆ ಬಿಡುಗಡೆ ಸಿಗಲೆಂಬ ಆಶಯವನ್ನು ಉಯಿಲಿನಲ್ಲಿ ಬರೆದಿದ್ದರು. ಪತ್ನಿ 1891ರ ವರೆಗೆ ಬದುಕಿದರು. ಆ ಗುಲಾಮರು ಉಯಿಲನ್ನು ಕಾಯಬೇಕಾಗಲಿಲ್ಲ. ಪೋಲ್ಕ್ ಹಚ್ಚಿದ ಕಿಡಿಯಿಂದ ಹೊತ್ತಿದ ಅಂತರ್ಯುದ್ಧವೇ ಅವರನ್ನು ಬಿಡಿಸಿತು. ಅಮೆರಿಕದ ಇತಿಹಾಸಕಾರರಲ್ಲಿ ಹಲವರು ಇಂದಿಗೂ ಪೋಲ್ಕ್‌ರನ್ನು ಸಮರ್ಥ ಅಧ್ಯಕ್ಷರ ಸಾಲಿನಲ್ಲಿ ಇಡುತ್ತಾರೆ, ಹೇಳಿದ್ದೆಲ್ಲವನ್ನೂ ಮಾಡಿ ತೋರಿಸಿದರು ಎಂಬ ಕಾರಣಕ್ಕೆ. ಹೇಳಿದ್ದೇನು ಎಂಬ ಪ್ರಶ್ನೆ ಆ ಲೆಕ್ಕದಲ್ಲಿ ಬರುವುದಿಲ್ಲ.

ಒಬ್ಬರ ಹೆಸರು ಉಳಿದಿದೆ. ಒಪ್ಪಂದವನ್ನು ಮಾಡಿಸಿದ ನಿಕೊಲಾಸ್ ಟ್ರಿಸ್ಟ್. ವಿದೇಶಾಂಗ ಇಲಾಖೆಯ ಮುಖ್ಯ ಗುಮಾಸ್ತ. 1847ರಲ್ಲಿ ಪೋಲ್ಕ್ ಅವರನ್ನು ಸಂಧಾನಕ್ಕೆ ಕಳುಹಿಸಿದರು, ಬಳಿಕ ಇನ್ನೂ ಹೆಚ್ಚು ನೆಲ ಸಿಗಬಹುದೆಂಬ ಆಸೆ ಮೂಡಿ ಹಿಂದಕ್ಕೆ ಕರೆದರು. ಆಜ್ಞೆ ನವೆಂಬರ್‌ನಲ್ಲಿ ಕೈಸೇರಿತು. ತಾನು ಹೊರಟರೆ ಯುದ್ಧ ಮುಂದುವರಿಯುತ್ತದೆ, ಇಡೀ ಮೆಕ್ಸಿಕೋವನ್ನೇ ನುಂಗಬೇಕೆನ್ನುವವರ ಕೈ ಮೇಲಾಗುತ್ತದೆ ಎಂದರಿತ ಟ್ರಿಸ್ಟ್ ಆಜ್ಞೆಯನ್ನು ಪಾಲಿಸಲಿಲ್ಲ. ಅರವತ್ತೈದು ಪುಟಗಳ ಪತ್ರ ಬರೆದು ಕಾರಣ ತಿಳಿಸಿ, ಅಲ್ಲೇ ಉಳಿದು ಸಂಧಿಯನ್ನು ಮುಗಿಸಿದರು. ಸಹಿ ಹಾಕುವಾಗ ಎದುರಿಗಿದ್ದ ಮೆಕ್ಸಿಕನ್ನರಿಗಿಂತ ಹೆಚ್ಚು ನಾಚಿಕೆಯಾದದ್ದು ತನಗೆ ಎಂದು ಅವರು ಮನೆಯವರಲ್ಲಿ ಹೇಳಿಕೊಂಡಿದ್ದರು. ಪೋಲ್ಕ್ ಕೆಂಡಾಮಂಡಲವಾದರು. ಆದರೆ ಕಾಂಗ್ರೆಸ್‌ನಲ್ಲಿ ಯುದ್ಧವಿರೋಧ ಬಲಿತಿದ್ದರಿಂದ ಆ ಒಪ್ಪಂದವನ್ನೇ ಸೆನೆಟ್ ಮುಂದಿಡಬೇಕಾಯಿತು. ಟ್ರಿಸ್ಟ್‌ರನ್ನು ಕೆಲಸದಿಂದ ತೆಗೆದರು. ಆಜ್ಞೆ ಬಂದ ದಿನದಿಂದ ಮುಂದಿನ ಸಂಬಳವನ್ನೂ ಖರ್ಚನ್ನೂ ತಡೆಹಿಡಿದರು. ಅವರು ರೈಲ್ವೆ ಕಂಪೆನಿಯೊಂದರಲ್ಲಿ ಗುಮಾಸ್ತರಾಗಿ, ಬಳಿಕ ಸಂಬಳ ಬಟವಾಡೆಯ ಅಧಿಕಾರಿಯಾಗಿ ದಿನ ದೂಡಿದರು. ಆ ಹಣವನ್ನು ಕಾಂಗ್ರೆಸ್ ಅವರಿಗೆ ಮಂಜೂರು ಮಾಡಿದ್ದು 1871ರಲ್ಲಿ. ಆಗ ಅವರಿಗೆ ಎಪ್ಪತ್ತು ದಾಟಿತ್ತು. ಮೂರು ವರ್ಷಗಳ ನಂತರ ತೀರಿಕೊಂಡರು.